ದಿಲ್ಲಿಗೆ ಬಂದ ವೀಳ್ಯ

ಸರೋಜಿನಿ ನಗರ, ಹೊಸದಿಲ್ಲಿ
೨೮ ಜೂನ್ ೧೯೭೪

ಪ್ರೀತಿಯ ವಿಠಲ ಮಾವನಿಗೆ ಸುಜಾತಾಳ ನಮಸ್ಕಾರ.

ಮೊದಲು ಎಲ್ಲರ ಕ್ಷೇಮಸಮಾಚಾರ ಬರೆ ಎಂದು ಅಮ್ಮ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ. ಬರೆಯುತ್ತೇನೆ. ಬಿಸಿಗಾಳಿಗೆ ನಿಮ್ಮ ತಂಗಿಯ ತುಟಿ ಒಡೆದಿದೆ. ಹೋಟೆಲಿನ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತೂ ನಿಂತೂ ಅಪ್ಪನ ಮೈತುಂಬ ಬೆವರುಸಾಲೆ. ಉಳಿದಂತೆ ಎಲ್ಲ ಚೆನ್ನಾಗಿದೆ. ರೈಲು ಮುಷ್ಕರದಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದ ನಿಮ್ಮ ಹಲಸಿನ ಹಪ್ಪಳದ ಡಬ್ಬ ಅಂತೂ ಬಂತು. ಅರ್ಧ ಹಪ್ಪಳ, ಅರ್ಧ ಪುಡಿ. ಪುಡಿಯನ್ನೂ ಬಿಡಲಿಲ್ಲ, ಕರಿದು ಮೊಸರನ್ನದ ಜೊತೆ ತಿಂದೆವು. ಇಲ್ಲಿ ಯಾವ ಭಯ್ಯಾನ ಗಾಡಿಯಲ್ಲೂ ಇಂಥದ್ದು ಸಿಗುವುದಿಲ್ಲವೆಂದು ವಿಮಲಾ ಅತ್ತೆಗೆ ಹೇಳಿ.

ಈಗ ನನ್ನ ವಿಷಯ. ಪ್ರೀ-ಮೆಡಿಕಲ್ ರಿಸಲ್ಟ್ ಬಂತು. ಫಸ್ಟ್ ಕ್ಲಾಸ್. ಕೇಳಿ ಕುಣಿಯಬೇಡಿ ಮಾವ, ಮುಂದೆ ಓದಿ. ಮೆಡಿಕಲ್ ಕಾಲೇಜಿನ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಸ್ವಲ್ಪದರಲ್ಲಿ ತಪ್ಪಿತು. ಇಡೀ ಕುಂದಾಪುರಕ್ಕೆ ‘ನಮ್ಮ ದಿಲ್ಲಿ ಡಾಕ್ಟರ್’ ಎಂದು ನೀವು ಹೇಳಿಕೊಂಡು ಬಂದಿದ್ದೀರಿ, ನಿಮಗೆ ಹೇಗೆ ಬರೆಯುವುದೆಂದು ಒಂದು ವಾರ ಪೆನ್ನು ಹಿಡಿಯಲಿಲ್ಲ.

ಇನ್ನು ಎರಡು ದಾರಿ ಇವೆ. ಒಂದು, ಪ್ರೀ-ಮೆಡಿಕಲ್ ವರ್ಷವನ್ನೇ ಮತ್ತೊಮ್ಮೆ ಓದಿ ಇನ್ನೂ ಹೆಚ್ಚು ಅಂಕ ತೆಗೆಯುವುದು. ಇನ್ನೊಂದನ್ನು ನಮ್ಮ ಝೂವಾಲಜಿ ವಿಭಾಗದ ಮುಖ್ಯಸ್ಥೆ ಭಾಸಿನ್ ಮ್ಯಾಡಮ್ ಹೇಳಿದರು. ಅವರು ನನ್ನನ್ನು ಕರೆದು, “ನನ್ನ ಆನರ್ಸ್ ಕ್ಲಾಸಿಗೆ ಬಾ. ಹತ್ತು ಹನ್ನೆರಡು ಹುಡುಗಿಯರು, ಒಂದೇ ವಿಷಯ, ಚೆನ್ನಾಗಿ ಆಳವಾಗಿ ಓದುವುದು. ಮೆಡಿಕಲ್ ಪರೀಕ್ಷೆಯನ್ನು ಮುಂದಿನ ವರ್ಷ ಇದರ ಜೊತೆಗೇ ಬರೆಯಬಹುದು” ಎಂದರು. ಒಳ್ಳೆಯ ಮಾತೇ. ಆದರೆ ಸೀನಿಯರ್‌ಗಳು ಹೇಳುವುದೇ ಬೇರೆ. ಆನರ್ಸ್ ಸೇರಿದರೆ ಪ್ರಾಕ್ಟಿಕಲ್ಸೇ ಇಡೀ ದಿನ ತಿಂದುಹಾಕುತ್ತದಂತೆ, ಹಾಗೆ ಹೋದವರು ಯಾರೂ ಡಾಕ್ಟರ್ ಆಗಿ ತಿರುಗಿ ಬಂದಿಲ್ಲವಂತೆ. ಜುಲೈ ೨೫ರೊಳಗೆ ಹೆಸರು ಕೊಡಬೇಕು.

ಅಪ್ಪನನ್ನು ಕೇಳಿದೆ. “ನಿನ್ನ ಮಾವನಿಗೆ ಬರೆ, ಅವರು ಹೇಳಿದ ಹಾಗೆ” ಎಂದರು. ಅಮ್ಮನನ್ನು ಕೇಳಿದೆ. “ಅಣ್ಣ ಹೇಳಲಿ” ಎಂದಳು. ನೀವು ಹೇಳಿದ ಹಾಗೆ ಮಾಡುತ್ತೇನೆ ಮಾವ. ನನಗಂತೂ ಡಾಕ್ಟರ್ ಆಗುವುದೊಂದೇ ಮುಖ್ಯ.

ನಿಮ್ಮ
ಸುಜಾತಾ


ಕುಂದಾಪುರ
೫ ಜುಲೈ ೧೯೭೪

ಮಗಾ ಸುಜಾ,

ನಿನ್ನ ಕಾಗದ ಕಾರ್ಖಾನೆಯ ವಿಳಾಸಕ್ಕೆ ಬಂತು. ಹಂಚು ಸುಡುವ ಗೂಡಿನ ಹತ್ತಿರ ನಿಂತು ಓದಿದೆ. ಫಸ್ಟ್ ಕ್ಲಾಸ್ ಎಂದು ಇದ್ದಲ್ಲಿಗೆ ನಿಲ್ಲಿಸಿ ಎಲ್ಲರಿಗೂ ಚಾ ಹೇಳಿದೆ. ಚಾ ಬರುವ ಹೊತ್ತಿಗೆ ಕೆಳಗಿನ ಸಾಲು ಓದಿದೆ. ಚಾ ವಾಪಸು ಕಳಿಸಲಿಕ್ಕೆ ಆಗುತ್ತದಾ? ಕುಡಿದೆವು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಪಟ್ಟಿ ಮಾಡಿದವರಿಗೆ ಕಣ್ಣು ಕಾಣುವುದಿಲ್ಲ ಎಂದು ಅರ್ಥ. ನನಗೆ ಬರೆಯಲು ಒಂದು ವಾರ ಹೆದರಿದೆಯಂತೆ. ನಾನೆಂತ ಹುಲಿಯಾ?

ಆನರ್ಸ್ ಎಂದರೆ ಎಂತ ಎಂದು ನನಗೆ ಗೊತ್ತಿರಲಿಲ್ಲ, ಗೊತ್ತಿದ್ದ ಹಾಗೆ ಮುಖ ಮಾಡಿಕೊಂಡು ನಾಲ್ಕು ಜನರನ್ನು ಕೇಳಿದೆ. ಡಿಸ್ಪೆನ್ಸರಿಯ ಅನಂತರಾಮ ರಾಯರು, “ಸೇರಲಿ, ಗಟ್ಟಿ ಓದು ಯಾವತ್ತೂ ನಷ್ಟವಲ್ಲ” ಎಂದರು. ನಮ್ಮ ಹಳೆಯ ಹೆಡ್ ಮಾಸ್ಟರು, “ಬೇಡ, ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಾಗುತ್ತದೆ” ಎಂದರು. ಇಬ್ಬರೂ ಮಾತಾಡುವಾಗ ಇಬ್ಬರದೂ ಸರಿ ಕಂಡಿತು. ಮನೆಗೆ ಬಂದು ನಿನ್ನ ಅತ್ತೆಯನ್ನು ಕೇಳಿದರೆ, “ಮಗುವಿಗೆ ಎಂತ ಬೇಕಂತೆ?” ಎಂದಳು. ಅದೇ ಪ್ರಶ್ನೆ ನಾನು ನಿನಗೆ ಕೇಳಬೇಕಿತ್ತು, ಅವಳು ಮೊದಲು ಕೇಳಿದಳು ಎಂದು ನನಗೆ ಸ್ವಲ್ಪ ಉರಿಯಿತು.

ನನ್ನದೊಂದು ಅಭಿಪ್ರಾಯ ಉಂಟು. ಆದರೆ ಬರೆಯುವುದಿಲ್ಲ. ಯಾಕೆಂದು ಕೇಳು. ನಮ್ಮ ಕಡೆ ತಂಗಿಯ ಮಕ್ಕಳ ವಿಷಯದಲ್ಲಿ ಮಾವನ ಮಾತೇ ಕಡೆಯ ಮಾತು. ನಾನು ಒಂದು ಹೇಳಿದೆನೆಂದರೆ ನಿನ್ನ ಅಪ್ಪ, ನಮ್ಮ ಕಾಂತಪ್ಪ ಭಾವ, ತುಟಿ ಬಿಚ್ಚುವುದಿಲ್ಲ, ಅವರ ಮನಸ್ಸಿನಲ್ಲಿ ಬೇರೆ ಇದ್ದರೂ ನುಂಗಿಕೊಳ್ಳುತ್ತಾರೆ. ನಿನ್ನನ್ನು ಆ ಉರಿಯ ಮುಂದೆ ನಿಂತು ಓದಿಸಿದವರು ಅವರು, ನಾನಲ್ಲ. ಮೊದಲು ಅವರು ಹೇಳಲಿ. ಅವರ ಮನಸ್ಸು ತಿಳಿದು ನನಗೆ ಬರೆ.

ಜಯಾನಂದ ಮುಂಬಯಿಯಿಂದ ರಜೆಯಲ್ಲಿ ಬರುತ್ತಾನೆ. ನಿನ್ನ ಅತ್ತೆ ಈಗಲೇ ಮನೆಗೆ ಸುಣ್ಣ ಹೊಡೆಸಲು ಶುರುಮಾಡಿದ್ದಾಳೆ. ಮಗ ಬರುವುದೋ ಮಂತ್ರಿ ಬರುವುದೋ ಗೊತ್ತಾಗುತ್ತಿಲ್ಲ.

ನಿನ್ನ ಮಾವ
ವಿಠಲ


ಸರೋಜಿನಿ ನಗರ
೧೧ ಜುಲೈ ೧೯೭೪

ಪ್ರೀತಿಯ ಮಾವನಿಗೆ,

ನಿಮ್ಮ ಕಾಗದವನ್ನು ಅಪ್ಪನ ಕೈಗೇ ಕೊಟ್ಟೆ. ಎರಡು ಸಲ ಓದಿದರು. ಮಡಚಿ ದೇವರ ಪಟದ ಹಿಂದೆ ಇಟ್ಟರು. “ಎಷ್ಟು ದೊಡ್ಡ ಮನುಷ್ಯರು ನೋಡು” ಎಂದರು. ಆಮೇಲೆ? ಆಮೇಲೆ ಏನೂ ಇಲ್ಲ. “ಅವರೇ ಹೇಳಲಿ. ನಾನು ಅವರ ಮುಂದೆ ಮಾತಾಡಬಾರದು” ಎಂದು ಚಪ್ಪಲಿ ಮೆಟ್ಟಿಕೊಂಡು ಹೋಟೆಲಿಗೆ ಹೋದರು.

ಮಾವ, ಬಸ್ಸಿನ ಬಾಗಿಲಲ್ಲಿ ‘ನೀವು ಹತ್ತಿ, ನೀವು ಹತ್ತಿ’ ಎಂದು ಇಬ್ಬರು ಹಿರಿಯರು ಮರ್ಯಾದೆ ಮಾಡಿಕೊಂಡು ನಿಂತಿದ್ದೀರಿ. ಹಿಂದೆ ನಿಂತವಳು ನಾನು. ಬಸ್ಸು ಹೊರಡುತ್ತಿದೆ.

ನನ್ನ ಗೆಳತಿ ವೈಜಯಂತಿ ಪ್ರೀ-ಮೆಡಿಕಲ್ ಮತ್ತೊಮ್ಮೆ ಓದುವುದೆಂದು ಹೆಸರು ಕೊಟ್ಟಾಯಿತು. “ಯಾರ್, ಆನರ್ಸ್ ಗೀನರ್ಸ್ ಛೋಡ್. ಡಾಕ್ಟರ್ ಬನ್ನಾ ಹೈ ಕಿ ನಹೀಂ?” ಎಂದು ದಿನಾ ಕೇಳುತ್ತಾಳೆ, ಡಾಕ್ಟರ್ ಆಗಬೇಕೋ ಬೇಡವೋ ಎಂದು. ಅವಳ ಅಪ್ಪ ಮೊದಲ ದಿನವೇ ಹೂಂ ಎಂದರು. ನಮ್ಮ ಮನೆಯಲ್ಲಿ ಹೂಂ ಎನ್ನುವ ಅಧಿಕಾರ ಇರುವವರು ಇಬ್ಬರು, ಎನ್ನುವವರು ಒಬ್ಬರೂ ಇಲ್ಲ.

ನಿನ್ನೆ ಭಾಸಿನ್ ಮ್ಯಾಡಮ್ ಆನರ್ಸ್ ಲ್ಯಾಬ್ ತೋರಿಸಿದರು. ಕಪ್ಪೆಯ ಎದೆ ತೆರೆದಿಟ್ಟಿದ್ದರು. ಹೃದಯವನ್ನು ಬೇರೆ ತೆಗೆದು ಉಪ್ಪುನೀರಿನಲ್ಲಿ ಇಟ್ಟರೂ ಅದು ಬಡಿಯುತ್ತಲೇ ಇತ್ತು ಮಾವ, ಯಾರ ಅಪ್ಪಣೆಗೂ ಕಾಯದೆ. ಒಂದು ಹನಿ ಏನೋ ಹಾಕಿದರು, ನಿಧಾನವಾಯಿತು. ಇನ್ನೊಂದು ಹನಿ, ಮತ್ತೆ ಜೋರು. ಯಾಕೆ ಎಂದು ನಾನು ಕೇಳಿದೆ. “ಯಾಕೆ ಎಂದು ಕಂಡುಹಿಡಿಯುವುದಕ್ಕೇ ಈ ಕ್ಲಾಸು” ಎಂದರು. ವಾಪಸು ಬರುವ ಯೂನಿವರ್ಸಿಟಿ ಸ್ಪೆಷಲ್ ಬಸ್ ತಪ್ಪಿಹೋಯಿತು, ನನಗೆ ಗೊತ್ತೇ ಆಗಲಿಲ್ಲ. ಅದಿರಲಿ. ಡಾಕ್ಟರ್ ಆಗಲು ಇದರಿಂದ ಪ್ರಯೋಜನವಿದೆಯೋ ಇಲ್ಲವೋ, ಅದನ್ನು ನೋಡಬೇಕು.

ದಯವಿಟ್ಟು ಒಂದೇ ಒಂದು ಮಾತು ಬರೆಯಿರಿ. ಆನರ್ಸ್ ಹೌದೋ, ಅಲ್ಲವೋ. ಜುಲೈ ೨೫ ಮರೆಯಬೇಡಿ.

ಸುಜಾತಾ


ಕುಂದಾಪುರ
೧೭ ಜುಲೈ ೧೯೭೪

ಮಗಾ ಸುಜಾ,

ಕಾಗದ ಮುಟ್ಟಿತು. ಭಾವ ಹೇಳುವುದಿಲ್ಲ ಎಂದಾದರೆ ನಾನು ಹೇಳಬೇಕಾಯಿತು. ಅವರ ಹೋಟೆಲಿನ ಸಪ್ಲಾಯರ್ ಗೋಪಾಲ ರಜೆ ಮುಗಿಸಿ ನಾಡಿದ್ದು ಹೊರಡುತ್ತಾನೆ. ಅವನ ಕೈಯಲ್ಲಿ ಒಂದು ಕಟ್ಟು ಕಳಿಸುತ್ತೇನೆ, ನಿನ್ನ ಅಮ್ಮನೇ ಬಿಚ್ಚಲಿ. ಅದೇ ನನ್ನ ಉತ್ತರ. ಮತ್ತೆ ಬಾಯಿಬಿಟ್ಟು ಬೇರೆ ಹೇಳುವುದೆಂತ ಇಲ್ಲ, ನಮ್ಮವರಿಗೆ ಅರ್ಥವಾಗುತ್ತದೆ.

ಜಯಾನಂದ ಬಂದಿದ್ದಾನೆ. ಅವನದ್ದೊಂದು ವಿಷಯ ಉಂಟು. ಕಾಗದದಲ್ಲಿ ಬೇಡ, ಆಮೇಲೆ ತಿಳಿಸುತ್ತೇನೆ. ಮನೆಯಲ್ಲಿ ಗಡಿಬಿಡಿ.

ವಿಠಲ


ಸರೋಜಿನಿ ನಗರ
೨೭ ಜುಲೈ ೧೯೭೪

ಮಾನ್ಯ ಮಾವನವರಿಗೆ,

ಈ ಕಾಗದ ಬರೆಯುವಾಗ ಅಮ್ಮ ಪಕ್ಕದಲ್ಲಿಲ್ಲ. ಬರೆಯುತ್ತಿದ್ದೇನೆಂದು ಯಾರಿಗೂ ಗೊತ್ತಿಲ್ಲ.

ಗೋಪಾಲಣ್ಣ ಸ್ಟೇಷನ್ನಿನಿಂದ ಸೀದಾ ನಮ್ಮ ಮನೆಗೇ ಬಂದರು. ಅಮ್ಮ ಮಂಚದ ಮೇಲೆ ಕಟ್ಟು ಬಿಚ್ಚಿದಳು. ಒದ್ದೆ ಬಟ್ಟೆಯೊಳಗೆ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಹಸಿರು ರವಿಕೆ ಕಣ. ಅಮ್ಮ ಒಂದೊಂದನ್ನೂ ಮುಟ್ಟಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. “ಅಣ್ಣ ಜಯಾನಂದನಿಗೆ ನಿನ್ನನ್ನು ಕೇಳಿ ಮಾತು ಕಳಿಸಿದ್ದಾನೆ” ಎಂದಳು. ನಾನು ಇಲ್ಲವೆಂದು ವಾದಿಸಿದೆ. ಮಾವನ ಮಗನಿಗೆ ಎಂದು ಚಿಕ್ಕಂದಿನಲ್ಲಿ ಎಲ್ಲರೂ ತಮಾಷೆ ಮಾಡುತ್ತಿದ್ದದ್ದು ನನಗೂ ನೆನಪಿದೆ, ಅದು ತಮಾಷೆ ಎಂದೇ ತಿಳಿದಿದ್ದೆ. ಗೋಪಾಲಣ್ಣ ಚಾ ಕುಡಿಯುತ್ತ, “ಅಲ್ಲಿ ಮದುವೆಯ ಮಾತೇ ನಡೆಯುತ್ತಾ ಉಂಟು, ಮನೆಗೆ ಸುಣ್ಣ ಹೊಡೆಸಿದ್ದಾರೆ, ಜಯಾನಂದಣ್ಣನ ಮುಖ ನೋಡಬೇಕು” ಎಂದರು. ಮತ್ತೆ ವಾದಿಸುವುದಕ್ಕೆ ಏನು ಉಳಿಯಿತು? ವೀಳ್ಯ ಬಂದ ಮೇಲೆ ಮದುವೆ ನಿಶ್ಚಯವಾದ ಹಾಗೆಯೇ ಎಂದು ಅಮ್ಮ ಹೇಳಿದಳು. ನಾನು ಕೇಳಿದ್ದು ಆನರ್ಸ್ ಹೌದೋ ಅಲ್ಲವೋ ಎಂದು. ನೀವು ಕಳಿಸಿದ್ದು ಇದು.

ಅಪ್ಪ ಅವತ್ತು ಊಟ ಮಾಡಲಿಲ್ಲ. ಇಪ್ಪತ್ತೈದನೇ ತಾರೀಕು ಬೆಳಿಗ್ಗೆ ನಾನು ಎದ್ದಾಗ ಅಪ್ಪ ಮನೆಯಲ್ಲೇ ಇದ್ದರು. ಜ್ವರ ಬಂದಾಗಲೂ ಹೋಟೆಲಿಗೆ ಹೋಗುವವರು. ಹಬ್ಬದ ಬಿಳಿ ಶರಟು ಹಾಕಿಕೊಂಡಿದ್ದರು. “ಚಲೋ” ಎಂದರು. ಎಲ್ಲಿಗೆ ಎಂದು ಅಮ್ಮ ಕೇಳಿದಳು. “ಕಾಲೇಜಿಗೆ” ಎಂದರು. “ಅಣ್ಣನ ವೀಳ್ಯ ಬಂದಿದೆಯಲ್ಲ” ಎಂದಳು ಅಮ್ಮ. ಅಪ್ಪ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: “ಬಂದಿದೆ. ನಾನು ಅವರಿಗೆ ಕೈಮುಗಿದು ಹೇಳುತ್ತೇನೆ. ಆದರೆ ಇವತ್ತು ಇವಳು ಓದಲಿಕ್ಕೆ ಹೋಗುತ್ತಾಳೆ.”

ಯೂನಿವರ್ಸಿಟಿ ಸ್ಪೆಷಲ್ ಬಸ್ಸಿನಲ್ಲಿ ವಿದ್ಯಾರ್ಥಿಗಳಿಗೆ ಮಾತ್ರ ಜಾಗ. ಕಂಡಕ್ಟರ್ ಅಪ್ಪನನ್ನು ತಡೆದ. ಅಪ್ಪ ಕೈಮುಗಿದು ನಿಂತರು, ಅವನು ಏನೆಂದುಕೊಂಡನೋ ಹತ್ತಿಸಿಕೊಂಡ. ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತೇ ಬಂದರು, ಹುಡುಗರು ಜಾಗ ಕೊಟ್ಟರೂ ಕೂರಲಿಲ್ಲ. ಆಫೀಸಿನಲ್ಲಿ ಕನ್ನಡದಲ್ಲಿ ಸಹಿ ಹಾಕಿದರು. ಭಾಸಿನ್ ಮ್ಯಾಡಮ್ ಅವರನ್ನು ಕೂರಿಸಿ, ಪ್ರೀ-ಮೆಡಿಕಲ್ ಬಿಟ್ಟು ಇದಕ್ಕೆ ಕಳಿಸಲು ನಿಮಗೆ ಒಪ್ಪಿಗೆಯೇ ಎಂದು ಕೇಳಿದರು. ಅಪ್ಪ ತಮ್ಮ ಹೋಟೆಲ್ ಹಿಂದಿಯಲ್ಲಿ, “ಡಾಕ್ಟರ್ ಆಗಲಿ, ಟೀಚರ್ ಆಗಲಿ, ನನಗೆ ಅದೆಲ್ಲ ತಿಳಿಯದು. ಆವತ್ತು ಈ ಲ್ಯಾಬಿನಿಂದ ಬಂದವಳು ರಾತ್ರಿ ಊಟಕ್ಕೆ ಕೂತು ಕಪ್ಪೆಯ ವಿಷಯವೇ ಹೇಳಿದಳು. ಅಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ” ಎಂದರು. ಅಪ್ಪ ಕೇಳಿಸಿಕೊಳ್ಳುತ್ತಿದ್ದಾರೆಂದೇ ನನಗೆ ಆವತ್ತು ಗೊತ್ತಿರಲಿಲ್ಲ.

ನಾನು ಆನರ್ಸ್ ಸೇರಿದ್ದೇನೆ ಮಾವ. ಜಯಾನಂದನನ್ನು ಮದುವೆಯಾಗುವುದಿಲ್ಲ. ಅವನ ಮೇಲೆ ಏನೂ ಬೇಸರವಿಲ್ಲ, ಅವನು ನನಗೆ ಸೈಕಲ್ ಕಲಿಸಿದವನು, ಅಷ್ಟೇ. ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗಿನಿಂದ ಪ್ರತಿ ವರ್ಷ ‘ಓದು ಮಗಾ’ ಎಂದು ಬರೆದವರು ನೀವೇ. ಹಿಂದಿ, ಇಂಗ್ಲಿಷಿನ ನಡುವೆ ನನಗೆ ಕನ್ನಡ ಬರೆಯಲು ಬರುವುದೇ ನಿಮ್ಮ ಕಾಗದಗಳಿಗೆ ಉತ್ತರ ಬರೆದು. ಆ ಉಪಕಾರವನ್ನು ನಾನು ಮರೆತಿಲ್ಲ. ಸಿಟ್ಟು, ಉಪಕಾರ ಎರಡೂ ಒಟ್ಟಿಗೇ ಇವೆ, ಏನು ಮಾಡಲಿ ತಿಳಿಯುತ್ತಿಲ್ಲ.

ಸುಜಾತಾ


ಕುಂದಾಪುರ
೩ ಆಗಸ್ಟ್ ೧೯೭೪

ಅಯ್ಯೋ ಮಾರಾಯ್ತಿ,

ನಿನ್ನ ಕಾಗದ ಓದಿ ಮೊದಲು ಹೆದರಿದೆ. ಆಮೇಲೆ ನಗು ಬಂತು. ನಿನ್ನ ಅತ್ತೆಗೆ ಓದಿ ಹೇಳಿದೆ. ಅವಳಿಗೆ ನಗು ಬರಲಿಲ್ಲ. “ಎರಡು ಸಾಲು ಬಿಡಿಸಿ ಬರೆಯಲಿಕ್ಕೆ ನಿಮ್ಮ ಕೈಗೆ ಎಂತ ಆಗಿತ್ತು? ಹೆಣ್ಣುಮಗು ಎಷ್ಟು ಅತ್ತಿರಬೇಕು” ಎಂದು ನನಗೆ ಸಮಾ ಬೈದು, ಇವತ್ತಿಡೀ ಮಾತು ಬಿಟ್ಟಿದ್ದಾಳೆ. ಅನ್ನ ಮಾತ್ರ ಬಡಿಸಿದಳು.

ಆ ವೀಳ್ಯ ಜಯಾನಂದನದ್ದಲ್ಲ. ಅದು ನಿನ್ನ ಭಾಸಿನ್ ಟೀಚರಿಗೆ.

ನಾನು ಹುಡುಗನಾಗಿದ್ದಾಗ ಮದ್ದಳೆ ಕಲಿಯಲು ಹೋದೆ. ಮೊದಲ ದಿನ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಗುರುಗಳ ಕೈಗೆ ಕೊಟ್ಟು ಕಾಲಿಗೆ ಬಿದ್ದ ಮೇಲೆಯೇ ಅವರು ಮದ್ದಳೆ ಮುಟ್ಟಲು ಬಿಟ್ಟದ್ದು. ಗುರುವಿಗೆ ವೀಳ್ಯ ಕೊಡದೆ ವಿದ್ಯೆ ಶುರು ಮಾಡುವುದು ಉಂಟಾ? ನೀನು ಆನರ್ಸ್ ಸೇರು, ಆ ಹೆಂಗಸಿನ ಶಿಷ್ಯೆಯಾಗು ಎನ್ನುವುದನ್ನು ನಾನು ಹಾಗೆ ಹೇಳಿದ್ದು. ಗುರು ಹೆಂಗಸಾದರೆ ಬರೀ ಎಲೆ ಕೊಡಬಾರದು ಎಂದು ನಿನ್ನ ಅತ್ತೆ ಹಸಿರು ಕಣ ಇಟ್ಟಳು. ದಿಲ್ಲಿಯಲ್ಲಿ ಕೂತ ನನ್ನ ತಂಗಿಗೆ ವೀಳ್ಯ ಎಂದರೆ ಮದುವೆ ಒಂದೇ ನೆನಪಾಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಬಾಯಿಬಿಟ್ಟು ಹೇಳಿದರೆ ನನ್ನ ಮಾತು ಭಾವನ ತಲೆ ಮೇಲೆ ಕೂತುಬಿಡುತ್ತದೆ, ವೀಳ್ಯ ಕಳಿಸಿದರೆ ಮೆಲ್ಲಗೆ ಹೇಳಿದ ಹಾಗಾಗುತ್ತದೆ ಎಂದು ನನ್ನ ಬುದ್ಧಿವಂತಿಕೆ. ಚೆನ್ನಾಗಿಯೇ ಮೆಲ್ಲಗೆ ಹೇಳಿದೆ.

ಗೋಪಾಲ ಹೇಳಿದ್ದು ಸುಳ್ಳಲ್ಲ. ಮದುವೆಯ ಮಾತು ನಡೆಯುತ್ತಾ ಇರುವುದು ಜಯಾನಂದನಿಗೂ ಅವನ ಬ್ಯಾಂಕಿನಲ್ಲಿ ಕೆಲಸ ಮಾಡುವ ಸ್ನೇಹಲತಾ ಎನ್ನುವ ಹುಡುಗಿಗೂ. ಅವನು ರಜೆ ಹಾಕಿ ಬಂದದ್ದೇ ಅದನ್ನು ಹೇಳಲು. ಹೇಳಲು ಅವನಿಗೆ ಎರಡು ದಿನ ಬೇಕಾಯಿತು, ಗೋಡೆಯ ಸುಣ್ಣ ಒಣಗುವುದನ್ನು ನೋಡುತ್ತ ಕೂತಿದ್ದ. ಒಳ್ಳೆಯ ಹುಡುಗಿಯಂತೆ. ನೀನು ಅವನನ್ನು ಬೇಡ ಎಂದಿದ್ದಕ್ಕೆ ಅವನು ನಿನಗೆ ಉಪಕಾರ ಹೇಳಿದ್ದಾನೆ, ಅದನ್ನು ಇಲ್ಲಿಗೇ ಬಿಡುತ್ತೇನೆ.

ಆನರ್ಸ್ ಎಂದು ನಾನು ಯಾಕೆ ತೀರ್ಮಾನಿಸಿದೆ ಗೊತ್ತುಂಟಾ? ರಾಯರ ಮಾತಿಗಲ್ಲ. ನಿನ್ನ ಮೊದಲ ಎರಡೂ ಕಾಗದಗಳಲ್ಲಿ ಡಾಕ್ಟರ್ ಡಾಕ್ಟರ್ ಎಂದು ಬರೆದದ್ದೆಲ್ಲ ನನಗೋಸ್ಕರ ಬರೆದ ಹಾಗೆ ಕಂಡಿತು. ಕಪ್ಪೆಯ ಹೃದಯದ ಬಗ್ಗೆ ಬರೆದದ್ದು ಮಾತ್ರ ನಿನ್ನದು. ಬರೆದು, ‘ಅದಿರಲಿ’ ಎಂದು ಮುಚ್ಚಿಟ್ಟೆ. ನಿನ್ನ ಅಪ್ಪ ಊಟದ ಮುಂದೆ ಕೂತು ಅದನ್ನೇ ಹಿಡಿದರಲ್ಲ. ನಾವು ಇಬ್ಬರೂ ಒಂದನ್ನೇ ಕಂಡು ಇಬ್ಬರೂ ಬಾಯಿ ಮುಚ್ಚಿಕೊಂಡೆವು.

ಒಂದು ವಿಷಯ ಭಾವನವರಿಗೆ ನೀನೇ ಓದಿ ಹೇಳಬೇಕು. ನನ್ನ ತಂಗಿಯನ್ನು ಕೊಟ್ಟಾಗಿನಿಂದ ಅವರು ನನ್ನ ಒಂದು ಮಾತನ್ನೂ ದಾಟಿದವರಲ್ಲ. ಅದನ್ನು ನಾನು ಗೌರವ ಎಂದುಕೊಂಡಿದ್ದೆ, ಒಂದೊಂದು ಸಲ ಹೆದರಿಕೆ ಎಂದೂ ಅನ್ನಿಸುತ್ತಿತ್ತು. ಈಗ ಮಗಳ ವಿಷಯಕ್ಕೆ ಬಂದಾಗ ನನ್ನ ವೀಳ್ಯವನ್ನು ಮಂಚದ ಮೇಲೆ ಬಿಟ್ಟು ಬಿಳಿ ಶರಟು ಹಾಕಿ ಹೊರಟರಲ್ಲ, ಅಂಥವರ ಮನೆಗೆ ತಂಗಿಯನ್ನು ಕೊಟ್ಟೆ ಎಂದು ನನಗೆ ಇವತ್ತು ಬಹಳ ಸಮಾಧಾನವಾಯಿತು. ಅವರು ಯಾವ ಕೈ ಮುಗಿಯುವುದೂ ಬೇಡ. ನಾನೇ ಅವರಿಗೆ ಮುಗಿಯುತ್ತೇನೆ.

ನಿನ್ನ ಸಿಟ್ಟು ಇಳಿಯಿತಾ ಬರೆ.

ಮಾವ


ಸರೋಜಿನಿ ನಗರ
೧೭ ಆಗಸ್ಟ್ ೧೯೭೪

ಪ್ರೀತಿಯ ಮಾವನಿಗೆ,

ಸಿಟ್ಟು ಇಳಿದು ಈಗ ನಾಚಿಕೆ ಬಂದಿದೆ. ಅದಕ್ಕೆ ನೀವೂ ಪಾಲುದಾರರು, ಒಬ್ಬಳೇ ನಾಚಿಕೊಳ್ಳುವುದಿಲ್ಲ.

ನಿಮ್ಮ ಕಾಗದವನ್ನು ಭಾನುವಾರ ಗಟ್ಟಿಯಾಗಿ ಓದಿದೆ. ‘ಭಾಸಿನ್ ಟೀಚರಿಗೆ’ ಎಂಬಲ್ಲಿ ಅಮ್ಮ ಹಣೆ ಹಣೆ ಚಚ್ಚಿಕೊಂಡಳು. ಗೋಪಾಲಣ್ಣನಿಗೆ ಇನ್ನು ನಮ್ಮ ಮನೆಯಲ್ಲಿ ಚಾ ಇಲ್ಲ ಎಂದಳು, ಸಂಜೆ ಅವರು ಬಂದಾಗ ಉಪ್ಪಿಟ್ಟನ್ನೂ ಕೊಟ್ಟಳು. ನಿಮ್ಮ ಕೊನೆಯ ಭಾಗ ಓದುವಾಗ ಅಪ್ಪ ಎದ್ದು ಬಾಲ್ಕನಿಗೆ ಹೋದರು. ತುಂಬ ಹೊತ್ತು ಬರಲಿಲ್ಲ. ಬಂದವರು ಕಣ್ಣು ಒರೆಸಿಕೊಂಡು, “ವಿಠಲ ಶೆಟ್ಟರು ಸುಮ್ಮನೆ ದೊಡ್ಡದು ಮಾಡುತ್ತಾರೆ” ಎಂದರು. ಆದರೆ ಅವತ್ತಿನಿಂದ ಅಪ್ಪ ಬದಲಾಗಿದ್ದಾರೆ ಮಾವ. ತರಕಾರಿ ಯಾವುದು ತರಲಿ ಎಂದು ಅಮ್ಮ ಕೇಳಿದರೂ ಈಗ ಅಭಿಪ್ರಾಯ ಹೇಳುತ್ತಾರೆ.

ಎಲೆಗಳು ಅಷ್ಟರಲ್ಲಿ ಕಪ್ಪಾಗಿದ್ದವು. ಬಾಬೂ ಮಾರ್ಕೆಟ್ಟಿನ ಪಾನ್‌ವಾಲಾ ಭಯ್ಯಾನ ಹತ್ತಿರ ಬೇರೆ ತಂದೆವು. ನಿಮ್ಮದೇ ಅಡಿಕೆ, ನಿಮ್ಮದೇ ಕಾಯಿ, ಅತ್ತೆಯ ಹಸಿರು ಕಣ. ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಕೊಡಲು ನನಗೆ ಸಂಕೋಚವಾಯಿತು, ಲ್ಯಾಬಿನಲ್ಲಿ ಕೊಟ್ಟೆ. ಮ್ಯಾಡಮ್ ಪಂಜಾಬಿನವರು, ಕಾಯಿಯನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. “ಅಚ್ಛಾ, ಇದು ಏನು?” ಎಂದರು. ಹೇಳಿದೆ. ಕಾಲು ಮುಟ್ಟಲು ಬಗ್ಗಿದಾಗ ಹಿಡಿದೆತ್ತಿ, “ಇಷ್ಟು ವರ್ಷದಲ್ಲಿ ಯಾವ ಹುಡುಗಿಯ ಮನೆಯವರೂ ನನಗೆ ತಮ್ಮ ಮಗಳನ್ನು ಹೀಗೆ ಒಪ್ಪಿಸಿರಲಿಲ್ಲ. ಎಲ್ಲರೂ ಮೆಡಿಕಲ್ ಸೀಟು ಸಿಗುವವರೆಗೆ ಇಟ್ಟುಕೊಳ್ಳಿ ಎನ್ನುತ್ತಾರೆ” ಎಂದರು. ನಿಮ್ಮ ಹೆಸರು ಕೇಳಿ ಬರೆದುಕೊಂಡಿದ್ದಾರೆ.

ನೀವು ಹೇಳಿದ್ದು ನಿಜ. ನಾನು ಬರೆದದ್ದು ಅರ್ಧ, ಬರೆಯದೆ ಇಟ್ಟುಕೊಂಡದ್ದು ಅರ್ಧ. ಇನ್ನು ಹಾಗೆ ಮಾಡುವುದಿಲ್ಲ. ನನಗೆ ನಿಮ್ಮಂಥ ಮಾವ, ಅಪ್ಪನಂಥ ಅಪ್ಪ ಸಿಕ್ಕಿದ್ದು ಎಷ್ಟು ದೊಡ್ಡದೆಂದು ಈ ತಿಂಗಳು ಗೊತ್ತಾಯಿತು. ಬೇರೆ ಹೇಗೆ ಹೇಳಬೇಕೋ ಬರುವುದಿಲ್ಲ, ಇಷ್ಟೇ ಕನ್ನಡ ನನ್ನ ಹತ್ತಿರ ಇರುವುದು. ಜಯಾನಂದನಿಗೂ ಸ್ನೇಹಲತಾ ಅತ್ತಿಗೆಗೂ ನನ್ನ ಶುಭಾಶಯ.

ಸುಜಾತಾ


ಸರೋಜಿನಿ ನಗರ
೨ ಮಾರ್ಚ್ ೧೯೭೫

ಪ್ರೀತಿಯ ಮಾವನಿಗೆ,

ಜಯಾನಂದನ ಮದುವೆಯಿಂದ ಬಂದ ಮೇಲೆ ಕಾಗದ ಬರೆಯಲಿಲ್ಲವೆಂದು ಬೈಯಬೇಡಿ. ಪ್ರಾಕ್ಟಿಕಲ್ಸ್ ಇಡೀ ದಿನ ತಿಂದುಹಾಕುತ್ತದೆ, ಸೀನಿಯರ್‌ಗಳು ಹೇಳಿದ್ದು ಸುಳ್ಳಲ್ಲ. ಚಳಿ ಮುಗಿದು ನಮ್ಮ ಬೀದಿಯ ಬೇವಿನ ಮರಗಳೆಲ್ಲ ಎಲೆ ಉದುರಿಸುತ್ತಿವೆ.

ಮೆಡಿಕಲ್ ಪರೀಕ್ಷೆಯ ಅರ್ಜಿ ಹಾಕುವ ಸಮಯ ಬಂದಿದೆ. ನಾನು ಈ ವರ್ಷ ಹಾಕುತ್ತಿಲ್ಲ. ಆನರ್ಸ್ ಪೂರ್ತಿ ಮುಗಿಸುತ್ತೇನೆ. ಮ್ಯಾಡಮ್ ನನಗೆ ಒಂದು ಚಿಕ್ಕ ಕೆಲಸ ಒಪ್ಪಿಸಿದ್ದಾರೆ, ಮೀನಿನ ಮೊಟ್ಟೆಯಿಂದ ಮರಿ ಹೇಗೆ ಬೆಳೆಯುತ್ತದೆಂದು ದಿನಾ ನೋಡಿ ಚಿತ್ರ ಬರೆಯುವುದು. ಮೊನ್ನೆ ಮೊಟ್ಟೆಯೊಳಗೆ ಮೊದಲು ಹೃದಯ ಬಡಿಯಲು ಶುರುವಾದದ್ದನ್ನು ನನ್ನ ಕಣ್ಣಿಂದಲೇ ನೋಡಿದೆ. ಆನರ್ಸ್ ಮುಗಿದ ಮೇಲೆ ಡಾಕ್ಟರ್ ಆಗಬೇಕೆನಿಸಿದರೆ ಆಗ ಬರೆಯುತ್ತೇನೆ. ಅನಿಸದಿದ್ದರೆ ಇಲ್ಲ. ವೈಜಯಂತಿ ಈ ಸಲ ಖಂಡಿತ ಪಾಸಾಗುತ್ತಾಳೆ, ನನಗೆ ಸಂತೋಷ. ಹೊಟ್ಟೆಕಿಚ್ಚು ಇದೆಯೇ ಎಂದು ನೋಡಿಕೊಂಡೆ, ಇಲ್ಲ.

ಅಪ್ಪನಿಗೆ ಹೇಳಿದೆ. “ಸರಿ” ಎಂದರು. ಅಮ್ಮ, “ಅಣ್ಣನಿಗೂ ಒಂದು ಮಾತು ತಿಳಿಸು” ಎಂದಳು. ತಿಳಿಸಿದ್ದೇನೆ.

ನಿಮ್ಮ ಮಂಡಿನೋವು ಹೇಗಿದೆ?

ಸುಜಾತಾ


ಕುಂದಾಪುರ
೧೦ ಮಾರ್ಚ್ ೧೯೭೫

ಮಗಾ ಸುಜಾ,

ಮಂಡಿನೋವು ನನ್ನಷ್ಟೇ ಹಠಮಾರಿ. ಸ್ನೇಹಲತಾ ಮುಂಬಯಿಯಿಂದ ಒಂದು ಎಣ್ಣೆ ಕಳಿಸಿದ್ದಾಳೆ, ಹಚ್ಚಿದರೆ ನೋವು ಹೋಗುವುದಿಲ್ಲ, ವಾಸನೆಗೆ ನಿನ್ನ ಅತ್ತೆ ಹೋಗುತ್ತಾಳೆ.

ನಿನ್ನ ಕಾಗದ ಓದಿದೆ. ಸುಳ್ಳು ಹೇಳುವುದಿಲ್ಲ, ಮೊದಲು ಬೇಸರವಾಯಿತು. ಡಾಕ್ಟರ್ ಆಗುವುದಿಲ್ಲವೇನೋ ಎಂದಲ್ಲ. ಆ ಆಸೆ ನನ್ನದು, ಅದನ್ನು ನಿನ್ನ ಹೆಗಲಿಗೆ ಹಾಕಿದವನೂ ನಾನೇ, ಇಳಿಸಿಕೊಳ್ಳಲು ನನಗೆ ಗೊತ್ತುಂಟು. ಬೇಸರವಾದದ್ದು ಬೇರೆಯದಕ್ಕೆ. ಹಿಂದೆ ಮುಂದೆ ತಿರುಗಿಸಿ ನೋಡಿದೆ, ‘ಏನು ಮಾಡಲಿ ಮಾವ’ ಎಂದು ಎಲ್ಲೂ ಇರಲಿಲ್ಲ. ಪ್ರಶ್ನೆ ಇದ್ದದ್ದು ನನ್ನ ಮಂಡಿಯ ಬಗ್ಗೆ ಮಾತ್ರ.

ಮಂಡಿ ತೋರಿಸಲು ಡಿಸ್ಪೆನ್ಸರಿಗೆ ಹೋಗಿದ್ದೆ. ಅನಂತರಾಮ ರಾಯರು, “ಏನು ಶೆಟ್ಟರೇ, ನಿಮ್ಮ ದಿಲ್ಲಿ ಡಾಕ್ಟರು ಈ ವರ್ಷ ಪರೀಕ್ಷೆಗೆ ಕೂರುತ್ತಾಳೋ?” ಎಂದು ಕೇಳಿದರು. ಇಲ್ಲವಂತೆ, ಆನರ್ಸೇ ಮುಗಿಸುತ್ತಾಳಂತೆ ಎಂದೆ. “ನೀವು ಅದಕ್ಕೆ ಒಪ್ಪಿದಿರಾ?” ಎಂದರು. ಬೆಂಚಿನ ತುಂಬ ಜನ ಕೂತಿದ್ದರು. “ನನ್ನನ್ನು ಕೇಳಲೇ ಇಲ್ಲ” ಎಂದೆ. ಅಷ್ಟು ಹೇಳುವಾಗ ನಾನು ಎದೆ ಉಬ್ಬಿಸಿಕೊಂಡು ಕೂತಿದ್ದೆನೆಂದು ರಾಯರು ಆಮೇಲೆ ನಿನ್ನ ಅತ್ತೆಯ ಹತ್ತಿರ ಹೇಳಿದರಂತೆ.

ಮಾವ